ಗುವಾಹಟಿಗೆ ಮೂರೇ ಗಂಟೆ

ಎರಡು ವಿಮಾನದ ಟಿಕೆಟ್ಟು, ನನ್ನ ಮುಂದಿನ ಎರಡು ಹಲ್ಲು. ಒಬ್ಬ ಮನುಷ್ಯನನ್ನು ಅವನ ಊರಿಗೆ ಕಳಿಸಲು ನನಗೆ ತಗುಲಿದ ಖರ್ಚು ಇಷ್ಟು. ಹೋಗುವವನು ಒಬ್ಬನೇ. ಎರಡನೇ ಟಿಕೆಟ್ಟು ಬೇಕಾದದ್ದು, ಮೊದಲನೆಯದನ್ನು ನಾನು ಚೌಕಾಸಿ ಮಾಡಿ ಕೊಂಡಿದ್ದರಿಂದ.

ಹಾನುಬಾಳಿನ ಹತ್ತಿರ ನನ್ನದೊಂದು ಕಾಫಿ ತೋಟವಿದೆ. ಬೇರೆಯವರ ಮೆಣಸಿನ ಮೂಟೆ ಹೊತ್ತು ಮೇಲೆ ಬಂದವನು ನಾನು. ಹೇಳಿದ ಬೆಲೆಗೆ ಬೆಂಕಿಪೊಟ್ಟಣವನ್ನೂ ಕೊಂಡವನಲ್ಲ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಆರು ವರ್ಷದಿಂದ ಅಸ್ಸಾಮಿನ ಆಳೊಬ್ಬನಿದ್ದ. ಒಂದು ಸಂಜೆ ಅವನ ಅಪ್ಪ ತೀರಿಕೊಂಡ ಸುದ್ದಿ ಬಂತು. ಕೊಳ್ಳಿ ಇಡಬೇಕಾದ ಹಿರಿಮಗ ಅವನೇ. ಊರು ಗುವಾಹಟಿ ವಿಮಾನ ನಿಲ್ದಾಣದಿಂದ ಅರ್ಧ ಗಂಟೆ.

“ಬೆಂಗಳೂರಿಂದ ಎಲ್ಡು ಸಾವಿರ ಕಿಲೋಮೀಟ್ರು. ವಿಮಾನದಾಗೆ ಮೂರೇ ಗಂಟೆ ಕಣೋ,” ಎಂದೆ. ಅವನು ಫೋನ್ ಮಾಡಿ, ನಾಳೆ ಸೂರ್ಯ ಮುಳುಗುವವರೆಗೆ ಹೆಣ ಇಟ್ಟುಕೊಂಡಿರಿ ಎಂದು ಮನೆಯವರಿಗೆ ತಿಳಿಸಿದ.

ಸಕಲೇಶಪುರದ ಟಿಕೆಟ್ ಅಂಗಡಿಯವನು ಎರಡು ದರ ಹೇಳಿದ. ಮಧ್ಯಾಹ್ನ ಒಂದರ ನೇರ ವಿಮಾನ ದುಬಾರಿ. ಕೋಲ್ಕತ್ತಾದಲ್ಲಿ ಇಳಿದು ಹತ್ತುವುದು ಅಗ್ಗ. ಅಗ್ಗದ್ದನ್ನೇ ಹಿಡಿದು, ಅದರಲ್ಲೂ ಇನ್ನೂರು ಇಳಿಸಿದೆ. ಕೋಲ್ಕತ್ತಾದಲ್ಲಿ ಎಷ್ಟು ಹೊತ್ತು ಕಾಯಬೇಕೆಂದು ಕೇಳಲಿಲ್ಲ.

ಬೆಳಗಿನ ಐದಕ್ಕೆ ಜೀಪು ಹೊರಟಿತು. ಹಿಂದಿನ ಸೀಟಿನಲ್ಲಿ ನಾವಿಬ್ಬರು. ಆಲೂರು ದಾಟುವಾಗ ಅವನು ಟಿಕೆಟ್ಟು ಓದಿಕೊಂಡ.

“ಸಾವ್ಕಾರ್, ಇದು ಇಳಿಯೋದು ರಾತ್ರಿ ಎಂಟು ಗಂಟೆ.”

“ಮಧ್ಯ ಒಸಿ ಕಾಯೋದೈತೆ. ಅಷ್ಟು ದುಡ್ಡು ಉಳೀತಲ್ಲ, ಮಾರಾಯ...”

ಅವನ ಮೊಣಕೈ ನನ್ನ ಬಾಯಿಗೆ ಬಡಿಯಿತು. ಕೂದಲು ಹಿಡಿದು ನನ್ನ ಮುಖವನ್ನು ಮುಂದಿನ ಸೀಟಿನ ಕಂಬಿಗೆ ಜಜ್ಜಿದ, ಮತ್ತೆ ಜಜ್ಜಿದ. ಹಲ್ಲು ನಾಲಿಗೆಯ ಮೇಲೆ ಉದುರಿತು. ಡ್ರೈವರ್ ಬ್ರೇಕ್ ಹಾಕಿ, ಅವನನ್ನು ಹೊರಗೆಳೆದು, ಜಾಕಿ ರಾಡಿನಿಂದ ಬಲಭುಜಕ್ಕೆ ಬಾರಿಸಿದ. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಚರಂಡಿಗೆ ಬಿದ್ದವನ ಹೊಟ್ಟೆಗೆ ಒದ್ದ.

“ಸಾವ್ಕಾರ್ರ ಮೈ ಮುಟ್ತೀಯೇನ್ಲಾ? ಕೊಂದಾಕ್ಬುಡ್ತೀನಿ!”

“ಕೊಲ್ಲು! ಅಪ್ಪನ್ನ ಸುಡೋಕೆ ನಾನಿಲ್ಲ, ನನ್ನ ಇಲ್ಲೇ ಸುಡು!”

“ಬುಡೋ ಅವ್ನ,” ಎಂದೆ ರಕ್ತ ಉಗಿಯುತ್ತಾ. “ತಪ್ಪು ನಂದು.”

ರಸ್ತೆ ಬದಿಯಲ್ಲೇ ಕೂತು, ಅಂಗಡಿಯವನನ್ನು ನಿದ್ದೆಯಿಂದ ಎಬ್ಬಿಸಿ, ನೇರ ವಿಮಾನದ ಟಿಕೆಟ್ಟು ಮಾಡಿಸಿದೆ. ಅವನು ಹೇಳಿದ ದರಕ್ಕೆ ಹೂಂ ಎಂದೆ. ಆಳಿನ ಅಂಗಿಯ ತುಂಬ ನನ್ನ ರಕ್ತ. ಹಾಗೆ ಹೋದರೆ ಒಳಗೆ ಬಿಡುವುದಿಲ್ಲ. ಡ್ರೈವರ್ ತನ್ನ ಅಂಗಿ ಬಿಚ್ಚಿ ಎಸೆದ.

“ಹಾಕ್ಕಳ್ಲಾ. ಕೈ ಎತ್ತಕ್ಕಾಯ್ತದೇನ್ಲಾ?”

ಆಗಲಿಲ್ಲ. ಹೊಡೆದವನೇ ತೋಳು ತೂರಿಸಿ ಗುಂಡಿ ಹಾಕಿದ.

ಸಂಜೆ ಫೋನ್ ಬಂತು. “ಎಡಗೈಯಲ್ಲಿ ಕೊಳ್ಳಿ ಇಟ್ಟೆ, ಸಾವ್ಕಾರ್.” ಅಷ್ಟೇ. ಅವನು ನನ್ನ ತೋಟಕ್ಕೆ ಮರಳಿ ಬರಲಿಲ್ಲ.

ನೀವು ಯಾರನ್ನಾದರೂ ದೂರದ ಊರಿಗೆ ಕಳಿಸುವುದಿದ್ದರೆ ವಿಮಾನ ಎಷ್ಟು ಗಂಟೆ ಹಾರುತ್ತದೆ ಎಂದು ಕೇಳಿ ಸುಮ್ಮನಾಗಬೇಡಿ. ಈ ಮನೆ ಬಾಗಿಲು ಬಿಡುವ ಹೊತ್ತು, ಆ ಮನೆ ಬಾಗಿಲು ಮುಟ್ಟುವ ಹೊತ್ತು, ಎರಡನ್ನೂ ಬರೆಸಿಕೊಳ್ಳಿ. ಸಕಲೇಶಪುರದಿಂದ ವಿಮಾನ ನಿಲ್ದಾಣಕ್ಕೇ ಆರು ಗಂಟೆ ಹಿಡಿಯಿರಿ. ಟಿಕೆಟ್ಟನ್ನು ಮೊದಲು ಹೋಗುವವನ ಕೈಗೆ ಕೊಟ್ಟು ಓದಿಸಿ. ದುಡ್ಡು ಕೊಡುವುದು ಆಮೇಲೆ.