ಎಣ್ಣೆ ಮಸಿಯೋ ನೀರಿನ ಮಸಿಯೋ

ಓಣಿಯವರೆಲ್ಲ ಅವಳನ್ನು ಅಚ್ಚಿನಮ್ಮ ಎನ್ನುತ್ತಿದ್ದರು. ಮರದ ಹಲಗೆಯಲ್ಲಿ ಹಕ್ಕಿಗಳನ್ನು ಕೆತ್ತಿ, ಎಣ್ಣೆ ಮಸಿ ಹಚ್ಚಿ, ಕಾಗದದ ಮೇಲೆ ಒತ್ತುವುದೇ ಅವಳ ಮೂವತ್ತು ವರ್ಷದ ಕೆಲಸ. ಯಾವ ಮಸಿ ಎಂಬ ಪ್ರಶ್ನೆಯೇ ಎಂದೂ ಹುಟ್ಟಿರಲಿಲ್ಲ. ಗಂಡನ ತಂಗಿ ಬಂದು ಪಕ್ಕದ ಕೋಣೆಯಲ್ಲಿ ಉಳಿದ ಮೇಲೆ ಹುಟ್ಟಿತು. ಎಣ್ಣೆ ಮಸಿ ಹತ್ತಿದ ಹಲಗೆ ಒರೆಸುವ ಟರ್ಪೆಂಟೈನ್ ವಾಸನೆಗೆ ನಾದಿನಿಗೆ ಉಬ್ಬಸ ಬರುತ್ತಿತ್ತು.

ಅಚ್ಚಿನಮ್ಮ ಯಾರಿಗೂ ಹೇಳದೆ ನೀರಿನ ಮಸಿ ತಂದಳು. ವಾಸನೆಯೇನೋ ಇರಲಿಲ್ಲ. ಆದರೆ ರೋಲರ್ ಆಡಿಸಿ ಕಾಗದ ಹಾಸುವಷ್ಟರಲ್ಲಿ ಅದು ಒಣಗಿಬಿಡುತ್ತಿತ್ತು. ನೀರು ಚಿಮುಕಿಸಿದರೆ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತಿದ್ದವು. ಹನ್ನೊಂದು ಕಾಗದ ಹಾಳಾದವು. ತಪ್ಪು ಮಸಿಯದೋ ತನ್ನ ಕೈಯದೋ ಎಂದು ಅವಳಿಗೆ ತಿಳಿಯಲೇ ಇಲ್ಲ.

ನಾದಿನಿ ಬಾಗಿಲಲ್ಲಿ ನಿಂತು ನೋಡಿದಳು. "ಇದೇನು ಅತ್ತಿಗೆ, ಹಕ್ಕಿಗೆ ಸಿಡುಬು ಬಂದ ಹಾಗಿದೆ?"

"ನಿನ್ನ ಉಬ್ಬಸಕ್ಕೋಸ್ಕರ ತಂದೆ ಕಣೇ."

"ನಾನು ಕೇಳಿದ್ನಾ? ನಿಮ್ಮ ಹಳೇದೇ ಹಚ್ಚಿ. ನಾನು ಕಿಟಕಿ ತೆಗೆದಿಟ್ಕೊಳ್ತೀನಿ."

ಮರುದಿನ ಎಣ್ಣೆ ಮಸಿಯಲ್ಲಿ ಹಕ್ಕಿಯ ಒಂದೊಂದು ಪುಕ್ಕವೂ ಎದ್ದು ಬಂತು. ಹಲಗೆ ಒರೆಸುವಾಗ ಗೋಡೆಯಾಚೆಯಿಂದ ಬಾಯಿಗೆ ಬಟ್ಟೆ ಒತ್ತಿ ಅಡಗಿಸಿದ ಕೆಮ್ಮೂ ಕೇಳಿತು.

"ಕೆಮ್ತಿದ್ದೀಯೇನೇ?"

"ಇಲ್ಲಪ್ಪ, ನಗ್ತಿದ್ದೆ."

ಅಚ್ಚಿನಮ್ಮ ಟರ್ಪೆಂಟೈನ್ ಬಿಟ್ಟು ಅಡುಗೆ ಎಣ್ಣೆಯಲ್ಲಿ ಹಲಗೆ ಒರೆಸಿ ನೋಡಿದಳು. ಕೆಮ್ಮು ಕಡಿಮೆಯಾಯಿತು, ನಿಲ್ಲಲಿಲ್ಲ. ಮಸಿಯಿಂದಲೋ ಹವೆಯಿಂದಲೋ ಎಂಬುದನ್ನು ವೈದ್ಯರೂ ಬಿಡಿಸಿ ಹೇಳಲಿಲ್ಲ.

ಈಗ ಎರಡೂ ಡಬ್ಬಿಗಳು ಮೇಜಿನ ಮೇಲಿವೆ. ಬೆಳಿಗ್ಗೆ ನಾದಿನಿಯ ಉಸಿರಿಗೆ ಕಿವಿಗೊಟ್ಟು ಒಂದನ್ನು ತೆರೆಯುತ್ತಾಳೆ. ಎಷ್ಟೋ ದಿನ ಅದನ್ನು ಮುಚ್ಚಿ, ಇನ್ನೊಂದಕ್ಕೆ ಕೈಹಾಕಿ, ಹಾಗೇ ನಿಂತುಬಿಡುತ್ತಾಳೆ.