ಸೊಪ್ಪು ಮೊದಲೋ, ಹುಚ್ಚು ಮೊದಲೋ

ನನಗೊಂದು ದೌರ್ಬಲ್ಯವಿದೆ. ಕೊನೆಗೆ ಮಾತಾಡಿದವರು ಹೇಳಿದ್ದೇ ಸರಿ ಎನ್ನಿಸಿಬಿಡುತ್ತದೆ. ಮನೆಯಲ್ಲಿ ಇದರಿಂದ ತೊಂದರೆಯೇನೂ ಆಗಿಲ್ಲ. ಅಲ್ಲಿ ಕೊನೆಯ ಮಾತು ಯಾವತ್ತೂ ನನ್ನ ಹೆಂಡತಿ ಶಾರದಳದೇ. ಆದರೆ ಇಂಥವನನ್ನು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕಾಲೇಜುಗಳವರು ಹುಡುಕಿಕೊಂಡು ಬಂದು ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಕೂರಿಸುತ್ತಾರೆ. ಕನ್ನಡದ ಮೇಷ್ಟ್ರು, ಒಂದು ಶಾಲು ಹೊದಿಸಿದರೆ ಸಾಕು, ಅಧ್ಯಕ್ಷರ ಭಾಷಣವನ್ನೂ ತಾನೇ ಮಾಡಿಬಿಡುತ್ತಾನೆ ಎಂಬ ಖ್ಯಾತಿ ನನಗಿದೆ.

ಈಚೆಗೆ ಎಲ್ಲ ಕಡೆಯೂ ವಿಷಯ ಒಂದೇ: ಗಾಂಜಾ ಮನಸ್ಸಿಗೆ ಕೇಡೋ ಅಲ್ಲವೋ. ಪರವಾಗಿ ಮಾತಾಡುವ ಹುಡುಗಿ ಎದ್ದು, ಎಷ್ಟೋ ದೇಶಗಳಲ್ಲಿ ಅದನ್ನು ಅಂಗಡಿಯಲ್ಲಿಟ್ಟು ಮಾರುತ್ತಾರೆ, ಬ್ರಾಂದಿಗೆ ಲೈಸೆನ್ಸು ಕೊಟ್ಟ ಸರ್ಕಾರಕ್ಕೆ ಒಂದು ಗಿಡದ ಮೇಲೇಕೆ ಕೋಪ, ನೋವಿನಲ್ಲಿ ನರಳುವವರಿಗೆ ಅದು ಔಷಧಿಯಲ್ಲವೇ ಎಂದು ಕೇಳುತ್ತಾಳೆ. ನಾನು ತಲೆದೂಗುತ್ತೇನೆ. ವಿರೋಧದ ಹುಡುಗ ಎದ್ದು, ಹದಿಹರೆಯದ ಮಿದುಳು ಇನ್ನೂ ಹಸಿ ಮಡಕೆ, ಅದಕ್ಕೆ ಈ ಹೊಗೆ ತಾಗಿದರೆ ಬಿರುಕು ಖಂಡಿತ ಎಂದು ಮೇಜು ಗುದ್ದುತ್ತಾನೆ. ಅದಕ್ಕೂ ತಲೆದೂಗುತ್ತೇನೆ. ಮೇಜು ಗುದ್ದಿದವನಿಗೆ ಅರ್ಧ ಅಂಕ ಹೆಚ್ಚಿಗೆ ಕೊಟ್ಟು, ಶಾಲು ಮಡಿಸಿಕೊಂಡು ಬಸ್ಸು ಹತ್ತುತ್ತೇನೆ.

ನಿಜ ಹೇಳಬೇಕೆಂದರೆ ಈ ಗಿಡದ ವಿಚಾರದಲ್ಲಿ ನಮ್ಮ ಹಿರಿಯರೂ ಒಂದು ತೀರ್ಮಾನಕ್ಕೆ ಬಂದವರಲ್ಲ. ಬೈರಾಗಿಗಳ ಬಾಯಲ್ಲಿ ಅದು ಸಿದ್ಧಪತ್ರೆ. ಶಿವನಿಗೇ ಪ್ರಿಯ ಎಂದಮೇಲೆ ಕೇಳುವವರು ಯಾರು? ಅವಧೂತರ ಗದ್ದುಗೆಯ ಹಿಂದಿನ ಕಟ್ಟೆಯ ಮೇಲೆ ಚಿಲುಮೆ ಕೈಯಿಂದ ಕೈಗೆ ಹೋಗುವುದನ್ನು ನಾನೇ ಕಂಡಿದ್ದೇನೆ. ತಳಕಿನ ಕಡೆಯ ನಮ್ಮಜ್ಜಿ ಎಮ್ಮೆ ಮೇವು ಬಿಟ್ಟರೆ ಭಂಗಿ ಸೊಪ್ಪು ಅರೆದು, ಬೆಲ್ಲ ಕಲಸಿ, ಬಿದಿರಿನ ಗೊಟ್ಟದಲ್ಲಿ ಅದರ ಗಂಟಲಿಗೆ ಹೊಯ್ಯುತ್ತಿದ್ದಳು. ಎಮ್ಮೆ ಒಂದು ದಿನ ತೂಕಡಿಸಿ ಮಾರನೆಯ ದಿನ ಮೇಯತೊಡಗುತ್ತಿತ್ತು. ಅದೇ ಸೊಪ್ಪನ್ನು ಪಕ್ಕದ ಮನೆಯವನು ಸೇದಿದರೆ ಅಜ್ಜಿ ಅವನನ್ನು ಮನೆಹಾಳ ಎಂದು ಬೀದಿಗೆ ಕೇಳುವಂತೆ ಬೈಯುತ್ತಿದ್ದಳು. ವಕೀಲ ಮಿತ್ರರೊಬ್ಬರು ಎಲೆಗೊಂದು ಕಾನೂನು, ಹೂವಿಗೊಂದು ಕಾನೂನು ಎಂದು ವಿವರಿಸಿದರು. ಎರಡು ಸಲ ಹೇಳಿಸಿಕೊಂಡರೂ ನನಗೆ ಅರ್ಥವಾಗಲಿಲ್ಲ.

ಇಷ್ಟು ಹಗುರವಾಗಿ ಬರೆಯುತ್ತಿದ್ದೇನಲ್ಲ, ನನಗೇ ನಾಚಿಕೆಯಾಗುತ್ತಿದೆ. ಯಾಕೆಂದರೆ ಈ ವಿಚಾರದಲ್ಲಿ ನಾನು ಒಂದೇ ಒಂದು ಸಲ ಗಟ್ಟಿಯಾಗಿ ತೀರ್ಪು ಕೊಟ್ಟೆ. ಅದರಿಂದ ಒಂದು ಮನೆಗೆ ಕೇಡಾಯಿತು.

ರಾಮಲಿಂಗ, ಚೌಡೇಶ ಇಬ್ಬರೂ ಮೊಳಕಾಲ್ಮೂರಿನ ನೇಕಾರರು, ಅಣ್ಣತಮ್ಮಂದಿರು. ನಮ್ಮ ಮಗಳ ಮದುವೆಗೆಂದು ಶಾರದ ತನಗೊಂದು ರೇಷ್ಮೆ ಸೀರೆ ಹೇಳಿ ನೇಯಿಸಿದ್ದು ಅವರ ಹತ್ತಿರವೇ. ಅಲ್ಲಿಯ ಹಳೆಯ ಪದ್ಧತಿಯ ಸೀರೆಯಲ್ಲಿ ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ಅಂಚಿಗೆ ಪ್ರತ್ಯೇಕ ಲಾಳಿ ಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವನು ತಮ್ಮ ಚೌಡೇಶ, ಮಗ್ಗುಲಲ್ಲಿ ಕೂತು ಅಂಚಿನ ಲಾಳಿ ಎಸೆಯುವವನು ಅಣ್ಣ ರಾಮಲಿಂಗ. ಎಳೆ ಬಿಗಿಸಲು ತಮ್ಮ ಹಾಕುವ ಏಟು ತನ್ನದಕ್ಕಿಂತ ಹದವಾದದ್ದು ಎಂದು ಅಣ್ಣನೇ ಒಪ್ಪಿ ಈ ಏರ್ಪಾಟು ಮಾಡಿಕೊಂಡಿದ್ದ. ಮನೆಮಾತು ತೆಲುಗಿನಲ್ಲಿ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಅವರು ನೇಯುವುದನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟದ್ದುಂಟು. ನನಗೂ ನನ್ನ ಅಣ್ಣನಿಗೂ ಮಾತು ನಿಂತು ಬಹಳ ಕಾಲವಾಗಿದೆ.

ಮದುವೆ ಕಳೆದ ಮುಂದಿನ ಬೇಸಿಗೆಗೆ ಚೌಡೇಶ ಕೆಟ್ಟ. ಊಟ ಬಿಟ್ಟ, ಸ್ನಾನ ಬಿಟ್ಟ, ರೇಷ್ಮೆ ನೂಲಿನಲ್ಲಿ ಯಾರೋ ಕೂದಲು ಸೇರಿಸುತ್ತಿದ್ದಾರೆ ಎಂದು ಉಂಡೆಗಳನ್ನೆಲ್ಲ ಬಿಚ್ಚಿ ಹಾಕಿದ. ಅಂಗಿಯ ಜೇಬಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕಿತು. ವಿಚಾರಿಸಿದಾಗ, ಶಿವರಾತ್ರಿಯ ಜಾಗರಣೆಗೆ ಗೆಳೆಯರ ಜೊತೆ ಗುಡ್ಡಕ್ಕೆ ಹೋದವನು ಅಲ್ಲಿ ಮೊದಲು ಸೇದಿದ್ದು, ಆಮೇಲೆ ದಿನವೂ ಸೇದುತ್ತಿದ್ದುದು ಗೊತ್ತಾಯಿತು. ಮನೆಯವರಿಗೆ ಅಪರಾಧಿಯೂ ಸಿಕ್ಕಿದ, ಅಪರಾಧದ ದಿನವೂ ಸಿಕ್ಕಿತು. ಆಸ್ಪತ್ರೆಗೆ ತಿಂಗಳಿಗೊಮ್ಮೆ ಬರುವ ಮನೋವೈದ್ಯೆ ಮಾತ್ರೆ ಬರೆದುಕೊಟ್ಟು, ಸೊಪ್ಪನ್ನೂ ಬಿಡಿಸಿ ಎಂದರು.

ಅದೇ ವಾರ ಮೊಳಕಾಲ್ಮೂರಿನ ಒಂದು ಕಾಲೇಜಿನಲ್ಲಿ ಗಾಂಜಾದ ಕೇಡಿನ ಮೇಲೆಯೇ ನನ್ನ ಭಾಷಣ. ಚಪ್ಪಾಳೆ ಚೆನ್ನಾಗಿ ಬಿದ್ದಿತ್ತು. ಗೇಟಿನ ಹತ್ತಿರ ರಾಮಲಿಂಗ ಕಾದು ನಿಂತಿದ್ದ. ತಮ್ಮನ ಕಥೆಯನ್ನೆಲ್ಲ ಹೇಳಿ ಕೇಳಿದ:

"ಸೊಪ್ಪು ಬಿಡಿಸಿದ್ರೆ ಸರಿಹೋಗ್ತಾನಾ ಸಾರ್?"

ಅವನು ಪ್ರಶ್ನೆ ಕೇಳಿದ್ದು ನನ್ನನ್ನು. ಉತ್ತರ ಹೇಳಿದ್ದು ಮೈಯಲ್ಲಿನ್ನೂ ಆರದಿದ್ದ ಆ ಚಪ್ಪಾಳೆ. "ಬಿಡಿಸು ರಾಮಲಿಂಗ. ಅದೊಂದು ಬಿಟ್ರೆ ಮಿಕ್ಕಿದ್ದೆಲ್ಲ ತಾನೇ ಸರಿಹೋಗ್ತೈತೆ," ಎಂದುಬಿಟ್ಟೆ.

ಅವರು ಬಿಡಿಸಿದರು. ಬಿಡಿಸುವುದೆಂದರೆ ಸುಲಭವಲ್ಲ, ರಾಮಲಿಂಗ ಮೂರು ತಿಂಗಳು ತಮ್ಮನ ಬೆನ್ನಿಗೇ ಅಂಟಿಕೊಂಡಿದ್ದ, ಬಯಲಿಗೆ ಹೋದರೂ ಜೊತೆಗೆ ಹೋದ. ಚೌಡೇಶ ಸೊಪ್ಪು ಮುಟ್ಟಲಿಲ್ಲ. ಆದರೆ ಅದರ ಜೊತೆಗೆ ಮಾತ್ರೆಯನ್ನೂ ನಿಲ್ಲಿಸಿದರು. ಅವರ ಅವ್ವನ ವಾದ ಸರಳವಾಗಿತ್ತು: ಮಾತ್ರೆ ತಿಂದರೆ ಮಗ ಮಂಕು ಬಡಿದು ಕೂರುತ್ತಾನೆ, ಸೊಪ್ಪಂತೂ ಬಿಟ್ಟಿದ್ದಾನೆ, ಮೇಷ್ಟ್ರೇ ಸಾಕು ಅಂದಿದ್ದಾರೆ, ಇನ್ನು ಮಾತ್ರೆ ಯಾಕೆ? ಹೀಗೆ ಎಂಟು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಚೌಡೇಶ ಕತ್ತರಿ ತಗೊಂಡು ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ಹಾಸುನೂಲನ್ನು ಅಡ್ಡಡ್ಡ ಕತ್ತರಿಸಿ ಹಾಕಿದ. ಎಷ್ಟು ಕೋಪ ಬಂದರೂ ಬಿಗಿದ ಹಾಸುನೂಲಿಗೆ ಕತ್ತರಿ ಹಾಕುವ ನೇಕಾರನಿಲ್ಲ. ಕೇಳಿದರೆ, "ಅವ್ರು ಹೇಳಿದ್ರು," ಎಂದನಂತೆ. ಯಾರು ಎಂದರೆ ಹೇಳಲಿಲ್ಲ.

ಈ ಸುದ್ದಿ ಬಂದ ದಿನ ನಾನು ಚಳ್ಳಕೆರೆಯ ಮಾರ್ಕೆಟ್ ಯಾರ್ಡಿನ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಲಾರಿ ಮೆಕ್ಯಾನಿಕ್ ಬಾಷಾ ಸಾಹೇಬರು. ನನ್ನ ಮುಖ ನೋಡಿ ವಿಷಯ ಕೇಳಿ ತಿಳಿದುಕೊಂಡರು. ಕೈಯ ಆಯಿಲನ್ನು ಬಟ್ಟೆಗೆ ಒರೆಸುತ್ತಾ ಹೇಳಿದರು:

"ನೋಡಿ ಮೇಷ್ಟ್ರೇ, ಇಂಜಿನ್ ಮೊದ್ಲೇ ಕಮ್‌ಜೋರ್ ಇರ್ತೈತೆ. ಅದಕ್ಕೆ ಕಲಬೆರಕೆ ಡೀಸೆಲ್ ಬಿತ್ತು ಅಂದ್ರೆ ಖತಂ. ಮಾಲೀಕ್ರು ಬಂದು ಡೀಸೆಲ್ದೇ ತಪ್ಪು ಅಂತಾರೆ. ಯಾಕ್ ಹೇಳಿ? ಬಂಕಿನೋನ್ನ ಬೈಬಹುದಲ್ಲ! ಇಂಜಿನ್ ನೋಡ್ಕೊಳ್ಳಿಲ್ಲ ಅಂದ್ರೆ ತಮ್ಮನ್ನೇ ಬೈಕೋಬೇಕಾಗ್ತೈತೆ."

"ಹಂಗಾದ್ರೆ ಡೀಸೆಲ್ದು ತಪ್ಪಿಲ್ವಾ?" ಎಂದೆ, ಎಲ್ಲಾದರೂ ಒಂದು ಎಳೆ ನೆಮ್ಮದಿ ಸಿಕ್ಕೀತೇ ಎಂದು.

"ಯಾರಂದ್ರು ಇಲ್ಲ ಅಂತ? ಒಳ್ಳೇ ಡೀಸೆಲ್ ಹಾಕಿದ್ರೆ ಇನ್ನೊಂದಷ್ಟು ವರ್ಷ ಓಡ್ತಿತ್ತೋ ಏನೋ. ಅಲ್ಲಾಗೇ ಗೊತ್ತು."

ನಾನು ಎಷ್ಟೋ ಮಂದಿಗೆ ಬಹುಮಾನ ಕೊಟ್ಟಿದ್ದೇನೆ, ಇಷ್ಟು ಚೊಕ್ಕವಾಗಿ ಮಾತಾಡಿದವರಿರಲಿಲ್ಲ. ತಮ್ಮನನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ದಾಗ ಮನೋವೈದ್ಯೆ ರಾಮಲಿಂಗನಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕೆಲವರಲ್ಲಿ ಕಾಯಿಲೆಯ ಬೀಜ ಮೊದಲೇ ಇರುತ್ತದೆ, ಗಾಂಜಾ ಅದಕ್ಕೆ ನೀರು ಹೊಯ್ಯುತ್ತದೆ. ಬೀಜವಿಲ್ಲದೆಯೂ ಕೆಲವರಿಗೆ ಕೇಡಾಗುತ್ತದೆ, ಏನೂ ಆಗದವರೂ ಇದ್ದಾರೆ. ಅಷ್ಟು ಹೇಳಿ ಆಕೆ ಒಂದು ಪ್ರಶ್ನೆ ಕೇಳಿದರಂತೆ: ಸೇದಲು ಶುರುಮಾಡುವುದಕ್ಕೂ ಮೊದಲೇ ಇವನಲ್ಲಿ ಏನಾದರೂ ಬದಲಾವಣೆ ಕಂಡಿತ್ತೇ?

ರಾಮಲಿಂಗನಿಗೆ ನೆನಪಾಗಲಿಲ್ಲ. ನೆನಪಾಗದಿದ್ದಕ್ಕೆ ಅವನು ನೇಕಾರನ ದಾರಿಯನ್ನೇ ಹಿಡಿದ. ಮಧ್ಯಾಹ್ನದ ಬಸ್ಸಿಗೆ ಚಳ್ಳಕೆರೆಯ ನಮ್ಮ ಮನೆಗೆ ಬಂದು, ನೀರು ಸಹ ಮುಟ್ಟದೆ, ಶಾರದಳಿಗೆ ಕೈಮುಗಿದ.

"ಅಕ್ಕಾ, ಮದುವೆ ಸೀರೆ ಒಂದ್ಸಲ ತೋರುಸ್ತೀರಾ?"

ಉಳಿದ ಸೀರೆಗಳೆಲ್ಲ ಸಾಹುಕಾರರ ಕೈಸೇರಿ ಯಾವ ಊರಿಗೆ ಹೋದವೋ. ಎಲ್ಲಿದೆ ಎಂದು ಅವನಿಗೆ ಗೊತ್ತಿದ್ದದ್ದು ಇದೊಂದೇ. ಇದನ್ನು ಮಗ್ಗದಿಂದ ಇಳಿಸಿದ್ದು ದೀಪಾವಳಿಗೆ. ಆ ಶಿವರಾತ್ರಿಗೂ ಮುಂಚೆ.

ಮಂಚದ ಮೇಲೆ ಸೀರೆ ಬಿಡಿಸಿ ಹಾಸಿದೆವು. ರಾಮಲಿಂಗ ಕಣ್ಣು ಮುಚ್ಚಿ ಬೆರಳಾಡಿಸುತ್ತಾ ಸೆರಗಿನಿಂದ ಹಿಂದಕ್ಕೆ ಬಂದ. ಮೊಳ, ಎರಡು ಮೊಳ, ಮೂರು ಮೊಳ, ಏನಿಲ್ಲ. ನಡುವೆ ಒಂದು ಕಡೆ ಕೈ ನಿಂತಿತು. ಅಲ್ಲಿ ಮಾರುದ್ದದಷ್ಟು ನೇಯ್ಗೆ ಜಾಳುಜಾಳು, ಅದರಾಚೆ ಒಂದು ಗೇಣು ಬಿರುಸು, ಮತ್ತೆ ಜಾಳು. ಶಾರದ ಮೊದಲ ದಿನವೇ ಅದನ್ನು ಕಂಡು ಗೊಣಗಿದ್ದಳು. ನೆರಿಗೆಯೊಳಗೆ ಮುಚ್ಚಿಹೋಗುತ್ತದೆ ಬಿಡು ಎಂದವನು ನಾನೇ.

"ಇದು ಅವನ ಏಟಲ್ಲ," ಎಂದ ರಾಮಲಿಂಗ. ಅಲ್ಲೇ ಇನ್ನೊಮ್ಮೆ ಬೆರಳಾಡಿಸಿ, "ಅವನದೇ," ಎಂದ.

ಆಮೇಲೆ ಅವನಿಗೆ ಎಲ್ಲ ನೆನಪಾಯಿತು. "ಅವತ್ತು ನಾನು ಬೈದಿದ್ದೆ ಸಾರ್. ಕೈ ಎಲ್ಲೈತಲೇ, ಮನಸ್ಸೆಲ್ಲೈತಲೇ ಅಂತ. ಅವನು, ಅಣ್ಣಾ, ಲಾಳಿ ಹೋಗ್ತಾ ಬರ್ತಾ ನನ್ನ ಹೆಸ್ರು ಕರೀತೈತೆ, ನಿಂಗೆ ಕೇಳಾಕಿಲ್ವಾ ಅಂದ. ನಾನು ನಕ್ಕೆ ಸಾರ್. ನನ್ನ ಹೆಸ್ರನ್ನೂ ಕರಿ ಅಂತ ಹೇಳು ಲಾಳಿಗೆ ಅಂದೆ. ಆಮೇಲೆ ವಾರಗಟ್ಲೆ ಅದನ್ನೇ ಹೇಳಿ ರೇಗಿಸ್ದೆ."

ಶಾರದ ಒಳಗೆ ಹೋಗಿ ಅತ್ತಳು. ನನಗೆ ಗೇಟಿನ ಹತ್ತಿರ ನಾನಾಡಿದ ಮಾತು ನೆನಪಾಯಿತು. "ನಾನು ಅವತ್ತು ಹಂಗೆ ಹೇಳಬಾರದಾಗಿತ್ತು ರಾಮಲಿಂಗ," ಎಂದೆ. ಅವನು ಬೈದಿದ್ದರೆ ಹಗುರವಾಗುತ್ತಿತ್ತು. "ನೀವು ಓದಿದೋರು, ಒಳ್ಳೇದಕ್ಕೇ ಹೇಳಿದ್ರಿ ಬಿಡ್ರಿ," ಎಂದು ಅವನು ಸೀರೆಯನ್ನು ಮಡಿಕೆ ತಪ್ಪದ ಹಾಗೆ ಮಡಿಸಿಟ್ಟ.

ಮಾತ್ರೆ ಮತ್ತೆ ಶುರುವಾಯಿತು. ಮೊದಲೇ ಬಿಡದೆ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ವೈದ್ಯೆ ಹೇಳಿದರು. ಎಷ್ಟು ಚೆನ್ನಾಗಿತ್ತು ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಪರವಾದಿಗಳೂ ವಿರೋಧಿಗಳೂ ಈಗಲೂ ನನ್ನೆದುರು ಮೇಜು ಗುದ್ದುತ್ತಾರೆ. ಆ ಕುರ್ಚಿಯಲ್ಲಿ ಕೂತಾಗ ನನಗೆ ಅವರ ಮಾತಿನ ನಡುವೆ ಒಂದು ಸಂಶಯ ಬರತೊಡಗಿತು: ಚೌಡೇಶನ ಬಗ್ಗೆ ಅವ್ವ, ಅಣ್ಣ, ವೈದ್ಯೆ, ಬಾಷಾ ಸಾಹೇಬರು, ನಾನು, ಎಲ್ಲರೂ ವಾದಿಸಿದ್ದೇವೆ, ಚೌಡೇಶನನ್ನು ಕೇಳಿದವರು ಯಾರು? ಕಳೆದ ತಿಂಗಳು ರಜಾ ಹಾಕಿ, ತಳಕಿನ ಮೇಲೆ ಹೋಗುವ ಬಸ್ಸು ಹಿಡಿದು ಮೊಳಕಾಲ್ಮೂರಿಗೆ ಹೋದೆ.

ರಾಮಲಿಂಗ ಈಗ ಒಬ್ಬನೇ ನೇಯಬಹುದಾದ ಸಾದಾ ಸೀರೆ ನೇಯುತ್ತಾನೆ. ಚೌಡೇಶ ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದ. ಮಾತ್ರೆಯಿಂದ ಮೈ ಬಂದಿದೆ, ಕೈ ಸಣ್ಣಗೆ ನಡುಗುತ್ತದೆ. ಆ ಕೈ ಇನ್ನು ಮಗ್ಗಕ್ಕೆ ಬರುವುದು ಕಷ್ಟ. ನನ್ನನ್ನು ಗುರುತು ಹಿಡಿದು, ಕೂತ್ಕಳಿ ಎಂದು ಜಾಗ ಬಿಟ್ಟ. ಸುತ್ತಿ ಬಳಸುವುದು ನನ್ನ ವೃತ್ತಿ. ಅವತ್ತು ಅದು ಆಗಲಿಲ್ಲ. ನೆಟ್ಟಗೆ ಕೇಳಿದೆ:

"ಚೌಡೇಶ, ಅದನ್ನ ಯಾಕಪ್ಪಾ ಸೇದಿದೆ?"

ಅವನು ಯೋಚಿಸಿ, ನಿಧಾನವಾಗಿ ಹೇಳಿದ.

"ಅದು ಸೇದಿದ್ರೆ ಅವ್ರು ಮೆಲ್ಲಗೆ ಮಾತಾಡ್ತಿದ್ರು ಸಾರ್. ಸ್ವಲ್ಪ ದಿನ. ಆಮೇಲೆ ಅದರಿಂದಾನೇ ಜೋರು ಮಾಡಿದ್ರು."

ಎರಡೂ ಪಕ್ಷದವರು ಇಷ್ಟು ದಿನ ಹೇಳಿದ್ದೆಲ್ಲ ಅದರಲ್ಲಿತ್ತು, ಒಂದು ಅಂಕವೂ ಕಳೆಯುವ ಹಾಗಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಏನಾದರೂ ಒಳ್ಳೆಯದು ಕೇಳೋಣವೆಂದು, "ಈಗ ಹೆಂಗಿದೀಯಾ? ಈಗ್ಲೂ ಮಾತಾಡ್ತಾರಾ?" ಎಂದೆ.

"ಇಲ್ಲ ಸಾರ್. ಮಾತ್ರೆ ತಗಂಡ್ಮೇಲೆ ಅವ್ರು ಮಾತಾಡಲ್ಲ," ಎಂದ. ಒಳಗೆ ಅವ್ವ ಪಾತ್ರೆ ತೊಳೆಯುತ್ತಿದ್ದಳು, ಅಣ್ಣ ತಲೆಬಗ್ಗಿಸಿ ನೇಯುತ್ತಿದ್ದ. ಆ ಕಡೆ ಒಮ್ಮೆ ನೋಡಿ ಚೌಡೇಶ ಮಾತು ಮುಗಿಸಿದ. "ಈಗ ಯಾರೂ ಮಾತಾಡಲ್ಲ."

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ನಾನು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕಾಲು ಮಡಚಿ ಕೂತೆ. "ಊಟಕ್ಕೇನು ಮಾಡಿದ್ರು ಇವತ್ತು?" ಎಂದು ಕೇಳಿದೆ.