ಕುಂದುಕೊರತೆಗೊಂದು ಪೆಟ್ಟಿಗೆ

ಇಪ್ಪತ್ತೆರಡು ವರ್ಷ ಇತರರ ಉತ್ತರಪತ್ರಿಕೆಗಳಿಗೆ ಕೆಂಪು ಶಾಯಿ ಬಳಿದ ನನಗೆ ಪದವಿಯೇ ಇರಲಿಲ್ಲ. ಶಿಕ್ಷಕ ತರಬೇತಿಯ ಒಂದು ಪ್ರಮಾಣಪತ್ರದ ಬಲದಿಂದಲೇ ಅಷ್ಟು ಕಾಲ ಮಕ್ಕಳನ್ನು ಗದರಿಸಿದ್ದೆ. ಮಕ್ಕಳಿಲ್ಲದೆ ಶಾಲೆ ಮುಚ್ಚಿದ ಮೇಲೆ ತಿತಿಮತಿಯ ಸಮೀಪದ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆದೆ: ಹಾಜರಿ ಹಾಕುವುದು, ಕೊಯ್ದ ಹಣ್ಣು ತೂಗಿಸುವುದು, ಬರೆದಿಡುವುದು. ಕೂದಲು ನರೆತ ಬಳಿಕ ದೂರಶಿಕ್ಷಣದಲ್ಲಿ ನಿರ್ವಹಣಾಶಾಸ್ತ್ರ ಮತ್ತು ಕೈಗಾರಿಕಾ ಸಂಬಂಧಗಳ ಪದವಿಗೆ ಸೇರಿದೆ. ಕಾರ್ಮಿಕರೊಡನೆ ವ್ಯವಹರಿಸುವ ಬಗೆಯನ್ನು ಅಂಚೆಯಲ್ಲಿ ಬಂದ ಪುಸ್ತಕಗಳಿಂದ ಕಲಿಯತೊಡಗಿದೆ. ಕಾರ್ಮಿಕರು ಕಿಟಕಿಯಾಚೆಯೇ ಇದ್ದರು.

ಕೊನೆಯ ವರ್ಷಕ್ಕೊಂದು ಪ್ರಾಜೆಕ್ಟು. ದುಡಿಯುವ ಸ್ಥಳದಲ್ಲಿ ಕುಂದುಕೊರತೆ ನಿವಾರಣೆಯ ವ್ಯವಸ್ಥೆಯೊಂದನ್ನು ರೂಪಿಸಿ, ಒಂದಾದರೂ ದೂರನ್ನು ಬಗೆಹರಿಸಿ, ದೂರುದಾರರ ಸಹಿಯೊಂದಿಗೆ ವರದಿ ಸಲ್ಲಿಸಬೇಕಿತ್ತು. ನಾನು ನಿರ್ದೋಷವಾದ ಒಂದು ನಮೂನೆಯನ್ನು ಸಿದ್ಧಪಡಿಸಿದೆ: ದೂರಿನ ಸ್ವರೂಪ, ಮೂರು ಹಂತದ ವಿಚಾರಣೆ, ಇತ್ಯರ್ಥಕ್ಕೆ ಏಳು ದಿನಗಳ ಅವಧಿ. ಕಡೆಯಲ್ಲಿ, ಎಸ್ಟೇಟಿನ ಒಡೆಯರಾದ ಸಾಹುಕಾರರನ್ನು ಮನಸ್ಸಿನಲ್ಲಿಟ್ಟುಕೊಂಡು, ‘ವಿಳಂಬವಾದಲ್ಲಿ ಅದಕ್ಕೆ ಹೊಣೆಗಾರರು’ ಎಂಬ ಕಲಮನ್ನೂ ಸೇರಿಸಿದೆ. ಬೀಗವಿದ್ದ ಪೆಟ್ಟಿಗೆಯೊಂದನ್ನು ಕಾಫಿ ತೂಗಿ ಒಣಗಿಸುವ ಕಣದ ಪಕ್ಕದ ಗೋಡೆಗೆ ತೂಗುಹಾಕಿದೆ. ಹದಿನೈದು ದಿನಗಳ ನಂತರ ತೆರೆದಾಗ ಅದರಲ್ಲಿ ಹಲ್ಲಿಯ ಎರಡು ಮೊಟ್ಟೆಗಳಿದ್ದವು.

ಹಣ್ಣು ಕೊಯ್ಯುವ ಹೆಂಗಸರ ಮುಂದಾಳು ನನಗಿಂತ ಹಿರಿಯಳು. ಆಕೆಯನ್ನೇ ಕೇಳಿದೆ. “ಯಾಕಕ್ಕ, ನಿಮಗ್ಯಾರಿಗೂ ಒಂದು ದೂರೂ ಇಲ್ವಾ?”

“ಇದೆ ರೈಟ್ರೇ. ಪೆಟ್ಟಿಗೆಗೆ ಕಿವಿ ಉಂಟಾ ಹೇಳೋದಕ್ಕೆ? ತೂಕ ಮುಗಿಯೋವಾಗ ಐದೂವರೆ ಆಗ್ತದೆ. ನಾವು ಲೈನ್ ಮನೆಗೆ ಹೋಗೋದಕ್ಕೂ ಆನೆ ದಾರೀಲಿರೋ ಕೆರೆಗೆ ಇಳಿಯೋದಕ್ಕೂ ಸರಿಯಾಗ್ತದೆ. ಹೋದ ವಾರ ಓಡಿ ಬಿದ್ದದ್ದು, ನೋಡಿ ಇಲ್ಲಿ.”

ಸೀರೆಯನ್ನು ತುಸು ಎತ್ತಿ ಮೊಣಕಾಲಿನ ಗಾಯ ತೋರಿಸಿದಳು. ಮರುಕ ಪಡಬೇಕಾಗಿತ್ತು, ನನಗೆ ಸಂತೋಷವಾಯಿತು. ಕೊನೆಗೂ ಒಂದು ದೂರು!

“ಇದನ್ನೇ ಬರೆದು ಕೊಡಿ.”

“ಬರೆಯೋಕೆ ಬರ್ತಿದ್ರೆ ನಾನೇ ರೈಟರ್ ಆಗ್ತಿದ್ದೆ. ನೀವು ಹಣ್ಣು ಕೊಯ್ತಿದ್ರಿ.”

ಹೆಂಗಸರೆಲ್ಲ ನಕ್ಕರು. ಹಾಗಾದರೆ ಹೇಳಿಕೆಗಳನ್ನು ನಾನೇ ದಾಖಲಿಸುವೆನೆಂದೆ. ವೈಯಕ್ತಿಕ ದೂರು ಬೇರೆ, ಸಾಮೂಹಿಕ ದೂರು ಬೇರೆ ಎಂದು ಪುಸ್ತಕದಲ್ಲಿತ್ತು. ಆದ್ದರಿಂದ ಅಂದು ಸಂಜೆ ತೂಕ ಮುಗಿದ ಮೇಲೆ ಹದಿನಾಲ್ಕು ಮಂದಿಯನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನಾಗಿ ಕೇಳಿದೆ. ಹದಿನಾಲ್ಕು ಮಂದಿಯೂ ಹೇಳಿದ್ದು ಒಂದೇ: ಹೊತ್ತಾಗುತ್ತದೆ, ಆನೆ ಬರುತ್ತದೆ. ಪ್ರತಿ ಹೇಳಿಕೆಯನ್ನೂ ಬರೆದು, ಗಟ್ಟಿಯಾಗಿ ಓದಿ ಹೇಳಿ, ಒಪ್ಪಿಗೆ ಪಡೆದೆ. ಒಂಬತ್ತನೆಯವಳ ಸರದಿಯಲ್ಲಿದ್ದಾಗ ಕೆರೆಯ ಕಡೆಯಿಂದ ಕಾವಲುಗಾರ ಕೂಗಿದ.

“ಯಾರೂ ಬರ್ಬೇಡಿ! ಮೂರುಂಟು, ದಾರೀಲೇ ನಿಂತಿದಾವೆ!”

ನಾನು ಬರೆಯುವುದನ್ನು ನಿಲ್ಲಿಸಿದೆ. ಆಮೇಲೆ ಮುಂದಾಳು ನನ್ನ ಪೆನ್ನಿನ ಕಡೆ ನೋಡಿ, “ನಿಲ್ಲಿಸಿದ್ರಲ್ಲಾ ಸಾರ್? ಇದನ್ನೂ ಬರ್ಕೊಳ್ಳಿ,” ಎಂದಳು. ಸಾಹುಕಾರರು ಬಂದು ಎಲ್ಲರನ್ನೂ ಜೀಪಿನಲ್ಲಿ, ಬಳಸುದಾರಿಯಿಂದ, ಎರಡು ಸಲವಾಗಿ ಲೈನಿಗೆ ಬಿಟ್ಟರು.

ಮರುದಿನ ಎಲ್ಲರೂ ಕೆಲಸಕ್ಕೆ ಬಂದರು. ಆದರೆ ಮೂರೂವರೆಗೆ ಮುಂದಾಳು ಒಂದು ಖಾಲಿ ಗೋಣಿಚೀಲವನ್ನು ತಂದು ತಕ್ಕಡಿಯ ಅಡಿಯಲ್ಲಿ ಹಾಸಿ ಕುಳಿತಳು. ಉಳಿದವರು ತಮ್ಮ ಚೀಲಗಳನ್ನು ಸುತ್ತ ಹಾಸಿದರು. ಮಾತು ಇತ್ಯರ್ಥವಾಗುವ ತನಕ ತೂಕವಿಲ್ಲವೆಂಬುದು ಇದರ ಅರ್ಥ. ಇದು ಈ ಎಸ್ಟೇಟಿನ ಹಳೆಯ ಪದ್ಧತಿ. ನಾನು ಮೊದಲೂ ಎರಡು ಬಾರಿ ಕಂಡಿದ್ದೆ, ನನ್ನ ವರದಿಯ ಕರಡಿನಲ್ಲಿ ಅದನ್ನು ‘ಅಶಿಸ್ತು’ ಎಂಬ ಶೀರ್ಷಿಕೆಯಡಿ ಸೇರಿಸಿಯೂ ಇದ್ದೆ.

ಸಾಹುಕಾರರು ಬಂದು ಚೀಲಗಳನ್ನು ನೋಡಿದರು. “ಎಷ್ಟ್ ಗಂಟೆಗೆ ಬೇಕು?”

“ನಾಲ್ಕೂವರೆಗೆ ನಾವು ಕೆರೆ ದಾಟಿರ್ಬೇಕು.”

“ಬೆಳಿಗ್ಗೆ ಅರ್ಧ ಗಂಟೆ ಬೇಗ ಬರ್ತೀರಾ?”

“ಬರ್ತೀವಿ.”

“ಆಯ್ತು, ಏಳಿ. ರೈಟ್ರೇ, ತೂಕ ಹಾಕಿ.”

ಏಳು ದಿನಗಳ ಅವಧಿಯಲ್ಲಿ ಒಂದು ನಿಮಿಷವೂ ಪೂರ್ತಿ ಖರ್ಚಾಗಿರಲಿಲ್ಲ. ನನ್ನ ಮೂರು ಹಂತಗಳನ್ನು ಯಾರೂ ತುಳಿಯಲಿಲ್ಲ.

ತೂಕ ಮುಗಿದಾಗ ನಾಲ್ಕಾಗಿತ್ತು. ನಮೂನೆಯನ್ನು ಹಿಡಿದುಕೊಂಡು ಮುಂದಾಳಿನ ಹಿಂದೆಯೇ ಓಡಿದೆ. “ಅಕ್ಕ, ಒಂದು ಹೆಬ್ಬೆಟ್ಟು!”

ಆಕೆ ನಡಿಗೆ ನಿಧಾನಿಸಲಿಲ್ಲ. “ನಾಳೆ ಬೆಳಿಗ್ಗೆ ಒತ್ತುತ್ತೇನೆ. ಈಗ ನಿಲ್ಲಿಸ್ಬೇಡಿ ಮಾರಾಯ್ರೇ!”

ಹದಿನಾಲ್ಕು ಮಂದಿ ಬಿಸಿಲಿರುವಾಗಲೇ ಕೆರೆಯ ತಿರುವು ದಾಟುವುದನ್ನು ನಿಂತು ನೋಡಿದೆ. ಬಳಿಕ ಒಳಗೆ ಬಂದು ನಮೂನೆಯನ್ನು ತುಂಬಿಸತೊಡಗಿದೆ. ಹೆಚ್ಚಿನ ಕಲಮುಗಳಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆಯಬೇಕಾಯಿತು. ಕಡೆಗೆ ‘ವಿಳಂಬವಾದಲ್ಲಿ ಅದಕ್ಕೆ ಹೊಣೆಗಾರರು’ ಎಂಬ ಕಲಮು ಉಳಿಯಿತು. ಅಲ್ಲಿ ನನ್ನ ಹುದ್ದೆಯನ್ನು ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದು, ಅಡಿಗೆರೆ ಎಳೆದೆ.